ಗುಡ್ಡದ ತಪ್ಪಲು ಅಂದರೆ ಎಲ್ಲಿ? ಮೂರು ಜಿಲ್ಲೆಗಳ ಕಚೇರಿಗಳಿಗೆ ಬಹಿರಂಗ ಪತ್ರ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಕಂದಾಯ, ಅರಣ್ಯ, ಗಣಿ ಮತ್ತು ಕೃಷಿ ಇಲಾಖೆಗಳ ಅಧಿಕಾರಿಗಳಿಗೆ, ಪಂಚಾಯಿತಿಗಳಲ್ಲಿ ಕ್ರಿಯಾಯೋಜನೆ ಬರೆಯುವವರಿಗೆ, ಹಾಗೆಯೇ ಪತ್ರಕರ್ತ ಮಿತ್ರರಿಗೆ

ಮಾನ್ಯರೇ,

ಗುಡ್ಡದ ದಾರಿಯಲ್ಲಿ ಒಂದು ಫಲಕ ನೆಟ್ಟಿದ್ದೀರಿ ಎಂದುಕೊಳ್ಳಿ. ‘ಬೆಟ್ಟದ ತಪ್ಪಲಿನಲ್ಲಿ ಮೇಯಿಸುವುದನ್ನು ನಿಷೇಧಿಸಲಾಗಿದೆ’ ಎಂದು ಅದರ ಮೇಲಿದೆ. ಆಡು ಕಾಯುವವನಿಗೆ ಅದನ್ನು ಓದಿ ಹೇಳಿದರೆ ಅವನು ಕೇಳುವುದು ಒಂದೇ ಮಾತು: “ತಪ್ಪಲ ಮೇಯಿಸಬ್ಯಾಡ ಅಂದ್ರ ಆಡು ಮತ್ತೇನ್ ತಿನ್ನಬೇಕ್ರೀ?”

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ತಪ್ಪಲ ಅಂದರೆ ಸೊಪ್ಪು. ಮೆಂತೆ ತಪ್ಪಲ, ಮೂಲಂಗಿ ತಪ್ಪಲ, ಉಳ್ಳಾಗಡ್ಡಿ ತಪ್ಪಲ ಎಂದೇ ಸಂತೆಯಲ್ಲಿ ಕೂಗಿ ಮಾರುತ್ತಾರೆ. ಗ್ರಂಥದಲ್ಲಿ ತಪ್ಪಲು, ಬಾಯಲ್ಲಿ ತಪ್ಪಲ. ಕೊನೆಯ ಉಕಾರ ಈ ಸೀಮೆಯಲ್ಲಿ ನಿಲ್ಲುವುದಿಲ್ಲ. ಹೀಗಾಗಿ ಎರಡು ಬೇರೆ ಪದಗಳು ಒಂದೇ ಉಚ್ಚಾರಕ್ಕೆ ಬಂದು ಸೇರಿವೆ. ಗುಡ್ಡದ ಕೆಳಗಿನ ಜಾಗಕ್ಕೆ ಇಲ್ಲಿಯವರು ‘ಗುಡ್ಡದ ಬುಡಕ’, ‘ಗುಡ್ಡದಡಿ’ ಅನ್ನುತ್ತಾರೆಯೇ ಹೊರತು ಮಾತಿನಲ್ಲಿ ‘ತಪ್ಪಲಿನಲ್ಲಿ’ ಅನ್ನುವುದು ಅಪರೂಪ. ಅದು ಪಾಠಪುಸ್ತಕದಿಂದ, ಪತ್ರಿಕೆಯಿಂದ ಬಂದ ಮಾತು.

ಬಂದದ್ದರ ಬಗ್ಗೆ ನಮ್ಮ ತಕರಾರಿಲ್ಲ. ಪದ ಒಳ್ಳೆಯದೇ. ತಕರಾರು ಇರುವುದು ಅದನ್ನು ಅರ್ಥ ಮಾಡಿಕೊಂಡವರ ನಡುವೆಯೂ ಅದು ಒಂದೇ ಜಾಗವನ್ನು ತೋರಿಸುತ್ತಿಲ್ಲ ಎಂಬುದರ ಬಗ್ಗೆ. ಒಬ್ಬರು ಗುಡ್ಡದ ಪಕ್ಕವನ್ನೇ ತಪ್ಪಲು ಎಂದು ಬರೆಯುತ್ತಾರೆ, ಇನ್ನೊಬ್ಬರು ಗುಡ್ಡ ಮುಗಿದ ಮೇಲಿನ ಬಯಲನ್ನು. ಇಂಗ್ಲಿಷಿನ ಸ್ಲೋಪ್ ಬಂದಲ್ಲಿ ಒಮ್ಮೆ ತಪ್ಪಲು, ಒಮ್ಮೆ ಇಳಿಜಾರು. ಕತೆ, ಕವಿತೆಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ‘ಗುಡ್ಡದ ತಪ್ಪಲಿನಿಂದ 30 ಮೀಟರ್ ಒಳಗೆ ಮಣ್ಣು ತೆಗೆಯುವಂತಿಲ್ಲ’ ಎಂಬಂಥ ವಾಕ್ಯ ಆದೇಶದಲ್ಲಿ ಬಂದರೆ ಟೇಪಿನ ತುದಿಯನ್ನು ಎಲ್ಲಿ ಹಿಡಿಯಬೇಕು? ತಪ್ಪಲು ನೆಲದ ಒಂದು ಪಟ್ಟಿ, ಗೆರೆಯಲ್ಲ. ಪಟ್ಟಿಯಿಂದ ಅಳೆಯಲು ಬರುವುದಿಲ್ಲ.

ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ ಕನ್ನಡದಲ್ಲಿ ನಾಲ್ಕು ಮಾತು ಸಿಗುತ್ತವೆ. ತುದಿಗೆ ನೆತ್ತಿ. ನೆತ್ತಿಯಿಂದ ಕೆಳಗಿನ ವಾಲಿದ ಮೈಗೆ ಓರೆ. ಗುಡ್ಡದ ಮಗ್ಗುಲು ಅಂದರೂ ನಡೆಯುತ್ತದೆ. ಓರೆ ಮುಗಿದು ನೆಲ ಚಪ್ಪಟೆಯಾಗುವ ಗೆರೆಗೆ ಬುಡ. ಬುಡದಿಂದ ಆಚೆ, ಗುಡ್ಡದ ನೀರು, ಕಲ್ಲು, ಮಣ್ಣು ಬಂದು ಬೀಳುವ ಅಂಚಿನ ಬಯಲಿಗೆ ತಪ್ಪಲು. ಗಂಗಾವತಿ ಹತ್ತಿರದ ಅಂಜನಾದ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ದೇವಸ್ಥಾನ ನೆತ್ತಿಯ ಮೇಲಿದೆ. ಏದುಸಿರು ಬಿಡುತ್ತ ಹತ್ತುವ 575 ಮೆಟ್ಟಿಲು ಓರೆಯ ಮೇಲಿವೆ. ಮೊದಲ ಮೆಟ್ಟಿಲು ಇರುವುದು ಬುಡದಲ್ಲಿ. ಸುತ್ತಲಿನ ಭತ್ತದ ಗದ್ದೆ, ಬಾಳೆ ತೋಟ ತಪ್ಪಲಿನಲ್ಲಿ. ಒಮ್ಮೆ ಹತ್ತಿ ಇಳಿದವರಿಗೆ ಈ ನಾಲ್ಕನ್ನೂ ಬೇರೆಯಾಗಿ ಹೇಳಿಕೊಡಬೇಕಿಲ್ಲ.

ಇದೇ ಗಂಗಾವತಿ ಸೀಮೆಯ ಹಿರೇಬೆಣಕಲ್‌ಗೆ ಬನ್ನಿ. ಅಲ್ಲಿನ ಶಿಲಾಸಮಾಧಿಗಳಿರುವುದು ಗುಡ್ಡದ ಮೇಲೆ. ‘ಗುಡ್ಡದ ತಪ್ಪಲಿನಲ್ಲಿರುವ ಶಿಲಾಸಮಾಧಿಗಳು’ ಎಂದು ಬರೆದರೆ ಓದಿ ಬಂದವರು ಗದ್ದೆಯ ಬದುವಿನ ಮೇಲೆ ನಿಂತು ಹುಡುಕಬೇಕಾಗುತ್ತದೆ. ಬಳ್ಳಾರಿ ಕೋಟೆಯ ಮೇಲುಕೋಟೆ ಇರುವುದು ಗುಡ್ಡದ ಮೇಲೆ, ಕೆಳಕೋಟೆ ಗುಡ್ಡದ ಪೂರ್ವ ಬುಡದಲ್ಲಿ. ಇಲ್ಲಿ ಮಾತ್ರ ಯಾರೂ ತಪ್ಪುವುದಿಲ್ಲ, ಊರೇ ಸುತ್ತ ಕಟ್ಟಿಕೊಂಡಿದೆಯಲ್ಲ!

ಈಗ ‘ಇಳಿಜಾರು’. ಇದು ಜಾಗದ ಹೆಸರಲ್ಲ, ನೆಲದ ಗುಣ. ಮನೆಯ ಬಚ್ಚಲಿಗೂ ಇಳಿಜಾರಿದೆ, ಕೆಂಪು ಮಣ್ಣಿನ ಮಸಾರಿ ಹೊಲಕ್ಕೂ ಇದೆ, ಸಂಡೂರಿನ ಗುಡ್ಡಕ್ಕೂ ಇದೆ. ಅಲ್ಲದೆ ಅದು ಮೇಲೆ ನಿಂತವನು ಆಡುವ ಮಾತು. ಕೆಳಗೆ ನಿಂತವನಿಗೆ ಅದೇ ನೆಲ ಏರು. ಲಾರಿ ಚಾಲಕನಿಗೆ ‘ಮುಂದೆ ಇಳಿಜಾರು’ ಎಂದು ಬರೆದದ್ದು ಸರಿ. ಎದುರಿನಿಂದ ಬರುವ ಲಾರಿಗೆ ಫಲಕದ ಹಿಂಬದಿಯಲ್ಲಿ ‘ಏರು’ ಎಂದಿರಬೇಕು. ಗೌಂಡಿಗಳು ಈ ಗೊಂದಲಕ್ಕೆ ಎಂದೋ ಉತ್ತರ ಕಂಡುಕೊಂಡಿದ್ದಾರೆ: ನೀರು ಹರಿಯುವಷ್ಟು ವಾಲನ್ನು ಅವರು ವಾಟ ಅನ್ನುತ್ತಾರೆ. ‘ಈ ಕಡೆ ವಾಟ ಕೊಡು’ ಅಂದರೆ ಸಾಕು, ಹುಡುಗ ಮಟ್ಟ ನೋಡುವ ರಸಮಟ್ಟ ಇಡುತ್ತಾನೆ. ತೆಲುಗಿನೊಂದಿಗೆ ನಾವು ಹಂಚಿಕೊಂಡ ಈ ಪದವನ್ನು ಎಂಜಿನಿಯರುಗಳು ಅಂದಾಜುಪಟ್ಟಿಗೆ ತಂದರೆ ನಮಗೆ ಸಂತೋಷ. ಇಳಿಜಾರೇ ಬೇಕೆಂದರೂ ಅಡ್ಡಿಯಿಲ್ಲ. ಅದರ ಪಕ್ಕದಲ್ಲಿ ಅಂಕಿ ಇರಲಿ, ಅಂಕಿಯ ಪಕ್ಕದಲ್ಲಿ ಮಾನ ಇರಲಿ.

ಮಾನ ಬರೆಯದೆ ಬಿಟ್ಟರೆ ಆಗುವ ಕೆಡುಕು ಸಣ್ಣದಲ್ಲ. ‘ಇಳಿಜಾರು 3’ ಎಂದು ಬರೆದಿದ್ದಾರೆ ಅನ್ನೋಣ. ಶೇಕಡಾ 3 ಅಂದರೆ 100 ಮೀಟರ್ ಅಡ್ಡ ನಡೆದರೆ 3 ಮೀಟರ್ ಇಳಿತ. 3 ಡಿಗ್ರಿ ಅಂದರೆ ಶೇಕಡಾ 5.2. ಸಮಪಾತಳಿ ಬದುಗಳ (ಒಂದೇ ಎತ್ತರದ ಗೆರೆಯುದ್ದಕ್ಕೂ ಹಾಕುವ ಮಣ್ಣಿನ ಒಡ್ಡುಗಳ) ಅಂತರಕ್ಕೆ ಬಳಸುವ ಒಂದು ಲೆಕ್ಕ ಹೀಗಿದೆ: ಶೇಕಡಾ ಇಳಿಜಾರನ್ನು 3ರಿಂದ ಭಾಗಿಸಿ, 2 ಕೂಡಿಸಿ, 0.3ರಿಂದ ಗುಣಿಸಿದರೆ ಒಂದು ಬದುವಿಗೂ ಮುಂದಿನ ಬದುವಿಗೂ ಇರಬೇಕಾದ ಎತ್ತರದ ವ್ಯತ್ಯಾಸ ಮೀಟರಿನಲ್ಲಿ ಸಿಗುತ್ತದೆ. ಶೇಕಡಾ 3ಕ್ಕೆ ಅದು 0.9 ಮೀಟರ್, ಅಂದರೆ ಬದುಗಳು 30 ಮೀಟರಿಗೊಂದು. ಅದೇ 3 ಡಿಗ್ರಿಗೆ ಎತ್ತರ ಸುಮಾರು 1.12 ಮೀಟರ್, ಬದುಗಳು 21 ಮೀಟರಿಗೊಂದು. ಡಿಗ್ರಿಯನ್ನು ಶೇಕಡಾ ಎಂದು ಓದಿದವರು 21 ಮೀಟರಿಗೆ ಹಾಕಬೇಕಾದ ಬದುವನ್ನು 30 ಮೀಟರಿಗೆ ಹಾಕುತ್ತಾರೆ. ಒಂದೊಂದು ಬದುವಿನ ಮೇಲೂ ಒಂದೂವರೆ ಪಟ್ಟಿನ ಹತ್ತಿರ ನೀರು ಬಂದು ನಿಲ್ಲುತ್ತದೆ, ಅದೂ ಹೆಚ್ಚು ಕಡಿದಾದ ನೆಲದಿಂದ ಜೋರಾಗಿ ಬಂದ ನೀರು. ಮೇಲಿನ ಬದು ಒಡೆದರೆ ಅದರ ನೀರೂ ಕೆಳಗಿನದಕ್ಕೆ ಸೇರುತ್ತದೆ. ಹಾಗಾಗಿ ಒಡೆಯುವಾಗ ಒಂದೇ ಒಡೆಯುವುದಿಲ್ಲ, ಸಾಲೇ ಹೋಗುತ್ತದೆ.

ಅನುಪಾತದಲ್ಲಿ ಬರೆದರೆ ಇನ್ನೊಂದು ಬಲೆ. 1:2 ಎಂದರೆ ಒಬ್ಬರಿಗೆ ಎತ್ತರ 1, ಅಗಲ 2; ಇನ್ನೊಬ್ಬರಿಗೆ ತಿರುಗುಮುರುಗು. ಮೊದಲನೆಯದು ಸುಮಾರು 27 ಡಿಗ್ರಿ, ಎರಡನೆಯದು 63. ಸಡಿಲ ಮಣ್ಣು, ಕಲ್ಲು ಸುರಿದರೆ ತಾನಾಗಿ ನಿಲ್ಲುವುದು 35ರಿಂದ 38 ಡಿಗ್ರಿಯ ಆಸುಪಾಸಿನಲ್ಲಿ. 63 ಡಿಗ್ರಿಗೆ ಕೊರೆದು ನಿಲ್ಲಿಸಿದ ಮಣ್ಣಿನ ಏರಿ ಮೊದಲ ದೊಡ್ಡ ಮಳೆಗೇ ಕೂರುತ್ತದೆ. ‘ಎತ್ತರ 1, ಅಗಲ 2’ ಎಂದು ಎರಡು ಪದ ಹೆಚ್ಚು ಬರೆಯುವುದಕ್ಕೆ ಶಾಯಿ ಎಷ್ಟು ಹೋದೀತು?

ಅಳೆಯುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಗೌಂಡಿಗಳ ನೀರಿನ ಪೈಪು, ಅಳತೆ ಬರೆದ ಎರಡು ಕೋಲು, 10 ಮೀಟರ್ ಹಗ್ಗ ಸಾಕು. ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಳ್ಳೆ ಒಂದೂ ಉಳಿಯದಂತೆ ಬೆರಳಿನಿಂದ ತಟ್ಟಿ ಬಿಡಿಸಬೇಕು. ಎರಡು ಕೋಲನ್ನು ನೆಟ್ಟಗೆ ನಿಲ್ಲಿಸಿ, ಹಗ್ಗವನ್ನು ಮಟ್ಟವಾಗಿ ಎಳೆದು 10 ಮೀಟರ್ ಅಂತರ ಹಿಡಿಯಬೇಕು. ನೀರು ನಿಂತ ಮೇಲೆ ಮೇಲಿನ ಕೋಲಿನಲ್ಲಿ ನೆಲದಿಂದ 18 ಸೆಂಟಿಮೀಟರ್, ಕೆಳಗಿನ ಕೋಲಿನಲ್ಲಿ 138 ಸೆಂಟಿಮೀಟರ್ ಬಂತು ಎಂದರೆ ಇಳಿತ 120 ಸೆಂಟಿಮೀಟರ್. 10 ಮೀಟರಿಗೆ 1.2 ಮೀಟರ್, ಅಂದರೆ ಶೇಕಡಾ 12. ಪೈಪಿನ ಎರಡೂ ಬಾಯಿ ತೆರೆದಿರಬೇಕು. ನೀರು ಚೆಲ್ಲೀತೆಂದು ಒಂದು ಬಾಯಿಗೆ ಹೆಬ್ಬೆರಳು ಒತ್ತಿಕೊಂಡೇ ಓದುವುದು ಸಾಮಾನ್ಯ ತಪ್ಪು, ಆಗ ಬಂದ ಅಂಕಿ ಸುಳ್ಳು. ಇನ್ನೊಂದು ತಪ್ಪು, ಹಗ್ಗವನ್ನು ನೆಲಕ್ಕೆ ಒತ್ತಿ ಅಳೆಯುವುದು. ಹೊಲದಲ್ಲಿ ಇದರಿಂದ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಓರೆಯ ಮೇಲೆ ಬರುತ್ತದೆ. ನಿಜವಾಗಿ ಶೇಕಡಾ 60 ಇರುವ ಓರೆಯನ್ನು ನೆಲದ ಮೇಲೆ 10 ಮೀಟರ್ ಹಗ್ಗ ಹಾಸಿ ಅಳೆದರೆ ಇಳಿತ 5.14 ಮೀಟರ್ ಸಿಕ್ಕು, ಶೇಕಡಾ 51 ಎಂದು ದಾಖಲಾಗುತ್ತದೆ.

ಸರ್ವೆಯವರ ವಿಸ್ತೀರ್ಣವೂ ಹೀಗೆಯೇ. ನಕ್ಷೆಯಲ್ಲಿರುವುದು ಚಪ್ಪಟೆ ಲೆಕ್ಕ. 30 ಡಿಗ್ರಿ ಓರೆಯಲ್ಲಿ ನಕ್ಷೆಯ 40 ಗುಂಟೆ ನೆಲದ ಮೈಮೇಲೆ 46 ಗುಂಟೆ. ಸಸಿ, ಗುಂಡಿ, ಹುಲ್ಲಿನ ಬೀಜಕ್ಕೆ ನಕ್ಷೆಯ ಎಕರೆಯನ್ನೇ ಹಿಡಿದು ಅಂದಾಜು ಹಾಕಿದರೆ ಸಾಮಾನು ಸಾಲದೆ ಬರುತ್ತದೆ. ತಪ್ಪಲಿನಲ್ಲಿ ಈ ತೊಂದರೆ ಇಲ್ಲವೇ ಇಲ್ಲ ಅನ್ನಬಹುದು. ಅಂದರೆ ಒಂದೇ ಕಾಮಗಾರಿಗೆ ಓರೆ ಮತ್ತು ತಪ್ಪಲಿನ ಅಂದಾಜು ಬೇರೆಬೇರೆ ಆಗಬೇಕು, ಪದವೂ ಬೇರೆಯೇ ಆಗಬೇಕು.

ನಮ್ಮ ಸೀಮೆಯ ಗುಡ್ಡಗಳೂ ಒಂದೇ ಜಾತಿಯವಲ್ಲ, ಪದದ ಜಗಳಕ್ಕೆ ಇದೂ ಒಂದು ಕಾರಣ. ಬಳ್ಳಾರಿ ಊರಿನ ಗುಡ್ಡ, ಕೊಪ್ಪಳ, ಆನೆಗೊಂದಿಯ ಗುಡ್ಡಗಳು ಗ್ರಾನೈಟಿನವು. ಹಾಸುಬಂಡೆ, ಅದರ ಮೇಲೆ ಪೇರಿಸಿಟ್ಟಂಥ ಗುಂಡುಗಲ್ಲು. ಓರೆಯ ಮೇಲೆ ಮಣ್ಣು ನಿಲ್ಲುವುದಿಲ್ಲ. ಬಿದ್ದ ಮಳೆಯ ಬಹುಪಾಲು ಜಾರಿ ಬುಡಕ್ಕೆ ಬರುತ್ತದೆ. ಬುಡ ಇಲ್ಲಿ ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟ. ಕಡಿದಾದ ಬಂಡೆಯಿಂದ ನಾಲ್ಕು ಹೆಜ್ಜೆಗೆ ಬಹುತೇಕ ಸಮನೆಲಕ್ಕೆ ಬಂದುಬಿಡುತ್ತೀರಿ. ಅಲ್ಲಿಂದ ಮೊದಲು ಗರಸು ಎಂಬ ಕಲ್ಲುಮಿಶ್ರಿತ ಒರಟು ಮಣ್ಣು, ಆಮೇಲೆ ಮಸಾರಿ, ಇನ್ನೂ ತಗ್ಗಿಗೆ ಹೋದರೆ ಎರೆ, ಅಂದರೆ ಕಪ್ಪು ಮಣ್ಣು. ಕೊರಕಲು ಹುಟ್ಟುವುದೂ ಬುಡದಲ್ಲೇ, ಯಾಕೆಂದರೆ ಬಂಡೆಯ ನೀರೆಲ್ಲ ಒಂದೇ ಏಟಿಗೆ ಮೆತ್ತನೆಯ ನೆಲಕ್ಕೆ ಬಂದು ಬೀಳುವುದು ಅಲ್ಲಿ. ಇಂಥ ಗುಡ್ಡಕ್ಕೆ ಮಳೆನೀರು ಹಿಡಿಯಲು ‘ಓರೆಯಲ್ಲಿ ಕಂದಕ’ ಎಂದು ಬರೆದರೆ ಬಂಡೆ ಕೊರೆಯಬೇಕಾದೀತು. ಕೆಲಸ ಆಗಬೇಕಾದದ್ದು ಬುಡದಿಂದ ಕೆಳಗೆ, ಗರಸಿನ ಪಟ್ಟಿಯಲ್ಲಿ. ಎರೆಗೆ ಇಳಿದ ಮೇಲೆ ಮತ್ತೆ ಎಚ್ಚರ ಬೇಕು: ಎರೆ ಒಣಗಿದಾಗ ಬಿರುಕು ಬಿಡುತ್ತದೆ, ಬದುವೂ ಬಿರಿಯುತ್ತದೆ, ಮಳೆ ಹಿಡಿದರೆ ಬದುವಿನ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ. ‘ತಪ್ಪಲಿನಲ್ಲಿ ಸಮಪಾತಳಿ ಬದು’ ಎಂಬ ಒಂದೇ ಸಾಲು ಗರಸು, ಮಸಾರಿ, ಎರೆ ಮೂರನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ.

ಸಂಡೂರಿನ ಗುಡ್ಡಗಳ ಕತೆಯೇ ಬೇರೆ. ಕಬ್ಬಿಣದ ಅದಿರಿನ ಪದರಗಳ ಉದ್ದನೆಯ ಸಾಲುಗಳು, ಮೇಲೆ ಗಟ್ಟಿ ಟೋಪಿ, ಓರೆಯ ಮೇಲೆ ಮಣ್ಣು, ಹುಲ್ಲು, ಕಾಡು. ಸಾಲನ್ನು ಸೀಳಿಕೊಂಡು ನಾರಿಹಳ್ಳ ಹರಿಯುವ ಜಾಗಗಳಿಗೆ ಓಬಳಗಂಡಿ, ಭೀಮಗಂಡಿ ಎಂದು ಹೆಸರಿಟ್ಟವರು ಗಂಡಿಗೂ ಕಣಿವೆಗೂ ವ್ಯತ್ಯಾಸ ಬಲ್ಲವರು. ಇಲ್ಲಿ ಬುಡ ಸ್ಪಷ್ಟವಿಲ್ಲ. ಉರುಳಿ ಬಂದ ಕಲ್ಲುಮಣ್ಣು ಓರೆಯನ್ನೂ ತಪ್ಪಲನ್ನೂ ಬೆಸೆದುಬಿಟ್ಟಿದೆ. ಇಂಥ ಕಡೆ ಬುಡವನ್ನು ಕಣ್ಣಂದಾಜಿನಲ್ಲಿ ಹೇಳಬಾರದು. ಓರೆಯಿಂದ ಹೊರಕ್ಕೆ ನಡೆಯುತ್ತ 20 ಮೀಟರಿಗೊಮ್ಮೆ ಶೇಕಡಾ ಇಳಿತ ಅಳೆದು, ಸತತ ಎರಡು ಅಳತೆಗಳಲ್ಲಿ 10ಕ್ಕಿಂತ ಕೆಳಗೆ ಬಂದ ಜಾಗವನ್ನು ಬುಡ ಎಂದು ಗುರುತಿಸಿ ಕಲ್ಲು ನೆಡಬಹುದು. ಇದು ನಮ್ಮ ಸಲಹೆ ಮಾತ್ರ. 10ರ ಬದಲು 8 ಎಂದರೂ ಜಗಳವಿಲ್ಲ, ಎಲ್ಲ ಇಲಾಖೆಗಳೂ ಒಂದೇ ಅಂಕಿ ಹಿಡಿದರಾಯಿತು.

ಗಣಿಯ ಕಡೆ ಈ ಗೊಂದಲಕ್ಕೆ ಬೆಲೆ ಹೆಚ್ಚು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಗೆ ತಡೆ ಹಾಕಿದ ಮೇಲೆ, ಗಣಿಗಳು ಮತ್ತೆ ಶುರುವಾಗಬೇಕಾದರೆ ಪುನಶ್ಚೇತನ ಯೋಜನೆ ಬೇಕೆಂದಾಯಿತು. ತ್ಯಾಜ್ಯದ ಡಂಪುಗಳ ಬುಡಕ್ಕೆ ತಡೆಗೋಡೆ, ಸುತ್ತ ಚರಂಡಿ, ಕೊಳ್ಳಗಳಿಗೆ ಅಡ್ಡ ಚೆಕ್‌ಡ್ಯಾಂ ಇವೆಲ್ಲ ಅಂಥ ಯೋಜನೆಯ ಭಾಗ. ಇಲ್ಲಿ ಬುಡ ಯಾವುದರದು ಎಂಬುದೇ ಪ್ರಶ್ನೆ. ಡಂಪು ಕೂತಿರುವುದು ಗುಡ್ಡದ ಓರೆಯ ನಡುವೆ ಎಂದಿಟ್ಟುಕೊಳ್ಳಿ. ಡಂಪಿಗೆ ಒಂದು ಬುಡವಿದೆ, ಗುಡ್ಡಕ್ಕೆ ಇನ್ನೊಂದಿದೆ, ಎರಡರ ನಡುವೆ ಒಂದು ಕೊಳ್ಳವೂ ಇರಬಹುದು. ಗೋಡೆ ಕಟ್ಟಬೇಕಾದದ್ದು ಡಂಪಿನ ಬುಡದಲ್ಲಿ, ಅಂದರೆ ಗುಡ್ಡದ ಓರೆಯ ಮೇಲೆ. ಕನ್ನಡ ಸಾರಾಂಶದಲ್ಲಿ ‘ತಪ್ಪಲಿನಲ್ಲಿ ತಡೆಗೋಡೆ’ ಎಂದಾದರೆ ಗೋಡೆ ಹೋಗಿ ಗುಡ್ಡದ ಕೆಳಗೆ ನಿಲ್ಲುತ್ತದೆ. ಗೋಡೆಯೂ ಗಟ್ಟಿ, ಬಿಲ್ಲೂ ಸರಿ, ನಡುವಿನ ಕೊಳ್ಳ ಮಾತ್ರ ಕೆಂಪು ಹೂಳಿನಿಂದ ತುಂಬಿರುತ್ತದೆ. ಗ್ರಾಮಸಭೆಯಲ್ಲಿ ಓದುವುದು ಈ ಕನ್ನಡ ಸಾರಾಂಶವನ್ನೇ ಎಂಬುದನ್ನು ಮರೆಯಬೇಡಿ. ತಪ್ಪು ಜಾಗದ ಗೋಡೆಗೆ ಒಪ್ಪಿಗೆಯ ಕೈ ಎತ್ತಿದವರು ಆಮೇಲೆ ಯಾರನ್ನು ಕೇಳಬೇಕು?

ಕಂದಕದ ವಿಷಯದಲ್ಲೂ ಇಂಥದೇ ಒಂದು ಪದ ಇದೆ: ‘ಹೊರಗಡೆ’. ಅಗೆದ ಮಣ್ಣನ್ನು ಹೊರಗಡೆ ಹಾಕುವುದು ಎಂದು ಬರೆದರೆ ಉದ್ಯೋಗ ಖಾತ್ರಿಯ ಕೂಲಿಗಳು ಕೈಗೆ ಹಗುರವಾದ ಕಡೆ ಹಾಕುತ್ತಾರೆ, ಅದರಲ್ಲಿ ಅವರ ತಪ್ಪೇನು? ಮೇಲ್ಮಗ್ಗುಲಿಗೆ ಹಾಕಿದ ಮಣ್ಣು ಮೊದಲ ಮಳೆಗೇ ತಿರುಗಿ ಕಂದಕಕ್ಕೆ ಬೀಳುತ್ತದೆ. ಕೆಳಮಗ್ಗುಲಿಗೆ, ಅಂಚಿನಿಂದ ಒಂದು ಅಡಿ ಬಿಟ್ಟು ಹಾಕಬೇಕು. ಅಂಚಿಗೇ ಹಾಕಿದರೆ ಭಾರಕ್ಕೆ ಅಂಚು ಕುಸಿಯುತ್ತದೆ. ಕಂದಕದ ತಳವೂ ಉದ್ದಕ್ಕೂ ಮಟ್ಟವಾಗಿರಬೇಕು. ಒಂದು ತುದಿ ಗೇಣಷ್ಟು ತಗ್ಗಾದರೂ ನೀರೆಲ್ಲ ಅಲ್ಲಿಗೆ ಸೇರಿ, ಅಲ್ಲೇ ಉಕ್ಕಿ, ಅಲ್ಲಿಂದಲೇ ಹೊಸ ಕೊರಕಲು ಶುರುವಾಗುತ್ತದೆ. ಮೇಲ್ಮಗ್ಗುಲು, ಕೆಳಮಗ್ಗುಲು ಎಂಬ ಎರಡು ಮಾತು ಬರೆದರೆ ಮುಗಿಯಿತು.

ರಾಯಚೂರಿನವರು ‘ನಮಗೆ ಗುಡ್ಡವೇ ಕಡಿಮೆ, ಈ ಪಂಚಾಯಿತಿ ನಮಗೇಕೆ’ ಎನ್ನಬಹುದು. ಸಿಂಧನೂರು, ಮಾನ್ವಿಯ ಕಾಲುವೆ ಬಯಲಿಗೆ ತಪ್ಪಲು ಬೇಕಾಗದಿರಬಹುದು, ವಾಟ ಬೇಕು. ಮುದಗಲ್, ಮಸ್ಕಿಗೆ ನೆತ್ತಿ, ಓರೆ, ಬುಡ, ತಪ್ಪಲು ನಾಲ್ಕೂ ಬೇಕು.

ಪಂಡಿತರು ಸಂಸ್ಕೃತದಿಂದ ತರೋಣ ಎಂದಾರು. ಅಮರಕೋಶದಲ್ಲಿ ವಿಂಗಡಣೆ ಚೆನ್ನಾಗಿಯೇ ಇದೆ: ಗುಡ್ಡಕ್ಕೆ ಅಂಟಿದ ಕೆಳನೆಲ ಉಪತ್ಯಕಾ, ಮೇಲಿನ ನೆಲ ಅಧಿತ್ಯಕಾ, ಪಕ್ಕಕ್ಕೆ ಕಟಕ ಅಥವಾ ನಿತಂಬ, ಮೇಲಿನ ಸಮತಟ್ಟಿಗೆ ಪ್ರಸ್ಥ, ಸಾನು. ಪ್ರಸ್ಥ ನಮ್ಮ ಪಾಠಪುಸ್ತಕದ ‘ಪ್ರಸ್ಥಭೂಮಿ’ಯಲ್ಲಿ ಉಳಿದುಕೊಂಡಿದೆ. ಉಪತ್ಯಕಾ ನಮ್ಮ ತಪ್ಪಲಿಗೆ ಸರಿಯಾದ ಜೋಡಿ. ಆದರೆ ‘ಗುಡ್ಡದ ನಿತಂಬದಲ್ಲಿ ಕಸ ಎಸೆಯಬೇಡಿ’ ಎಂದು ಪಂಚಾಯಿತಿ ಫಲಕ ಬರೆಸುವ ಧೈರ್ಯ ಯಾರಿಗಿದೆ? ಓರೆಯೇ ಇರಲಿ. ಆಲ್ಪ್ಸ್ ಪರ್ವತದ ಫ್ರೆಂಚರು ಬಿಸಿಲು ಬೀಳುವ ಓರೆಗೆ ಅದ್ರೆ, ನೆರಳಿನ ಓರೆಗೆ ಉಬಾಕ್ ಎಂದು ಬೇರೆಬೇರೆ ಪದ ಇಟ್ಟುಕೊಂಡಿದ್ದಾರೆ, ಅವರಿಗದು ಬೆಳೆಯ ಪ್ರಶ್ನೆ. ನಮ್ಮಲ್ಲಿ ಮೇ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ಉಳಿದ ದಿನ ದಕ್ಷಿಣಕ್ಕೆ. ಎರಡು ಓರೆಗೂ ಪಾಳಿ ಬರುತ್ತದೆ. ಆ ಪದಗಳು ನಮಗೆ ಹುಟ್ಟದಿದ್ದರೆ ಆಶ್ಚರ್ಯವಿಲ್ಲ. ನಮಗೆ ಬೇಕಾದದ್ದು ಗಾಳಿಯ ಲೆಕ್ಕ. ಮುಂಗಾರಿನ ಮಳೆಯನ್ನು ಸಹ್ಯಾದ್ರಿಯ ಪಡುವಣ ಓರೆ ಹಿಡಿದುಕೊಳ್ಳುವುದರಿಂದಲೇ ನಾವು ಮಳೆನೆರಳಿನಲ್ಲಿದ್ದೇವೆ. ಪಾಠ ಬರೆಯುವವರು ‘ಗಾಳಿಗೆ ಅಭಿಮುಖವಾದ ಇಳಿಜಾರು’ ಎಂಬ ಉದ್ದನೆಯ ಮಾತಿನ ಬದಲು ‘ಗಾಳಿಗೆದುರಿನ ಓರೆ’, ‘ಗಾಳಿಮರೆಯ ಓರೆ’ ಎಂದರೆ ಏಳನೆಯ ಇಯತ್ತೆಯ ಮಗುವಿಗೂ ಚಿತ್ರ ಕಾಣುತ್ತದೆ.

ಪದ ಜಾರುವುದು ಹೊಸದೇನಲ್ಲ. ಘಟ್ಟ ಎಂದರೆ ಮೂಲದಲ್ಲಿ ಹತ್ತಿಳಿಯುವ ದಾರಿ. ದಾರಿಯ ಹೆಸರು ಹೋಗಿ ಇಡೀ ಪರ್ವತಸಾಲಿಗೆ ಅಂಟಿಕೊಂಡಿತು. ಆಡುಮಾತಿನಲ್ಲಿ ಜಾರಲಿ, ಅದನ್ನು ತಡೆಯಲು ನಾವು ಯಾರು? ಆದೇಶ, ಅಂದಾಜುಪಟ್ಟಿ, ಫಲಕ, ಪಾಠ ಈ ನಾಲ್ಕರಲ್ಲಿ ಮಾತ್ರ ಹಿಡಿದು ನಿಲ್ಲಿಸಿ ಎಂಬುದಷ್ಟೇ ನಮ್ಮ ಕೋರಿಕೆ. ದೂರ ಅಳೆಯುವ ಕಡೆಯೆಲ್ಲ ‘ಬುಡದಿಂದ’ ಎಂದೇ ಬರಲಿ, ಬುಡಕ್ಕೆ ಕಲ್ಲು ಇರಲಿ. ಗುಡ್ಡದ ಮೈಮೇಲಿನ ಕೆಲಸಕ್ಕೆ ‘ಓರೆ’ ಎಂದಿರಲಿ. ತಪ್ಪಲು ಬಳಸಿದರೆ ಎಷ್ಟು ಅಗಲದ ಪಟ್ಟಿ ಎಂದು ಮೀಟರಿನಲ್ಲಿ ಇರಲಿ. ಇಳಿಜಾರಿನ ಜೊತೆಗೆ ಶೇಕಡಾ ಅಥವಾ ಡಿಗ್ರಿ ಇರಲಿ.

ಮೊದಲಲ್ಲಿ ಹೇಳಿದ ಫಲಕದಲ್ಲಿ ತಪ್ಪಲು ಎಂದು ಬರೆದು ಹೇಳಹೊರಟದ್ದು ಓರೆಯನ್ನೇ ಆದರೆ, ಹೊಸದಾಗಿ ಬರೆಸುವಾಗ ಹೀಗೆ ಬರೆಸಿ ನೋಡಿ: ‘ಈ ಕಲ್ಲಿನಿಂದ ಮೇಲೆ, ಗುಡ್ಡದ ಓರೆಯಲ್ಲಿ ಆಡು, ಕುರಿ, ದನ ಮೇಯಿಸಬಾರದು. ಕಲ್ಲಿನಿಂದ ಕೆಳಗೆ ಮೇಯಿಸಬಹುದು.’ ಕಲ್ಲಿಗೆ ಸುಣ್ಣ ಬಳಿಯುವುದನ್ನು ಮರೆಯಬೇಡಿ, ಮಳೆಗಾಲದ ಹುಲ್ಲಿನಲ್ಲಿ ಕಾಣುವುದಿಲ್ಲ.

ಇತಿ,
ಭೂಗೋಳ ಮತ್ತು ಕನ್ನಡ ಕಲಿಸುವವರು, ಸರ್ವೆ ಮತ್ತು ಜಲಾನಯನದ ಕೆಲಸ ಮಾಡಿದವರು
ಬಳ್ಳಾರಿ, ಕೊಪ್ಪಳ, ರಾಯಚೂರು